ಮ್ಯಾಚ್ ನಿಲ್ಲಿಸಿದ ಪ್ರೋಗ್ರಾಮ್

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಉರ್ವದ ಒಂದು ಗೇರುಬೀಜ ರಫ್ತಿನ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕಿದ್ದೆ. ಕಂಪ್ಯೂಟರ್ ಕೋಣೆಗೆ ಏಸಿ, ಬಾಗಿಲಿಗೆ ಪರದೆ, ಹೊರಗೆ ಚಪ್ಪಲಿಗಳ ಸಾಲು. ಒಳಗೆ ಬಂದವರು ಪಿಸುದನಿಯಲ್ಲಿ ಮಾತಾಡುತ್ತಿದ್ದರು. ಅಂಥ ಭಕ್ತಿಯನ್ನು ನಾನು ನಮ್ಮ ಇಗರ್ಜಿಯಲ್ಲೂ ಕಂಡಿರಲಿಲ್ಲ. ಅಲ್ಲಿ ಪಾದ್ರಿಗಳು ಪ್ರವಚನ ಶುರು ಮಾಡಿದರೆ ಅರ್ಧ ಗಂಡಸರು ಬೀಡಿ ಸೇದಲು ಹೊರಗೆ ಹೋಗುತ್ತಿದ್ದರು.

ಕಚೇರಿಯ ಮಾಲಕರನ್ನು ನಾವೆಲ್ಲ ದಣಿಗಳು ಎನ್ನುತ್ತಿದ್ದೆವು. ದೊಡ್ಡ ಗುತ್ತಿನ ಮನೆಯವರು, ಅಂದರೆ ಹಳೆಯ ಜಮೀನ್ದಾರಿ ಮನೆತನ. ಗದ್ದೆಗಳೆಲ್ಲ ಒಕ್ಕಲುಗಳ ಪಾಲಾದ ಮೇಲೆ ಊರಿನಿಂದ ಅವರು ಪೇಟೆಗೆ ತಂದದ್ದು ಮುಖ್ಯವಾಗಿ ಗಂಟಲು. ನನ್ನನ್ನು ಅವರು ‘ಪೊರ್ಬುಗಳೇ’ ಎಂದು ಕರೆಯುತ್ತಿದ್ದರು. ನಮ್ಮ ಕ್ರಿಶ್ಚಿಯನ್ ಗಂಡಸರನ್ನು ತುಳುವಿನವರು ಕರೆಯುವ ಮರ್ಯಾದೆಯ ಹೆಸರು ಅದು. ಅವರು ಕರೆದರೆ ಪಕ್ಕದ ಕಟ್ಟಡದ ಪೊರ್ಬುಗಳೂ ಎದ್ದು ನಿಲ್ಲುತ್ತಿದ್ದರು.

ಆ ಗಂಟಲಿಗೆ ಹೆದರದವರು ಅಲ್ಲಿ ಒಬ್ಬರೇ: ಲೆಕ್ಕಪತ್ರ ವಿಭಾಗದ ಹಿರಿಯ ಹೆಂಗಸು. ನಮ್ಮ ಕ್ರಿಶ್ಚಿಯನ್ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಹಾಗೆ ಎಲ್ಲರಿಗೂ ಅವರು ‘ಬಾಯಿ’. ತೊಕ್ಕೊಟ್ಟಿನಿಂದ ಬಸ್ಸಿನಲ್ಲಿ ಬರುತ್ತಿದ್ದರು, ಕಡಿಮೆ ಮಾತಾಡುತ್ತಿದ್ದರು, ಆಡಿದ್ದನ್ನು ಎರಡನೇ ಸಲ ಹೇಳುತ್ತಿರಲಿಲ್ಲ.

ಕರೆಂಟ್ ಯಾವಾಗ ಹೋಗುತ್ತದೆಂದು ಹೇಳುವಂತಿರಲಿಲ್ಲ. ಹೋದ ಕೂಡಲೇ ಕಂಪ್ಯೂಟರ್ ಧಡಕ್ಕನೆ ನಿಂತರೆ ಒಳಗಿದ್ದ ದಾಖಲೆಗಳೆಲ್ಲ ಕೆಡುತ್ತಿದ್ದವು. ಅದಕ್ಕಾಗಿ ಯುಪಿಎಸ್ ಬಂತು. ಅದರ ಬ್ಯಾಟರಿ ಸ್ವಲ್ಪ ಹೊತ್ತು ಕಂಪ್ಯೂಟರನ್ನು ನಡೆಸುತ್ತಿತ್ತು. ಅದರಿಂದ ಕಂಪ್ಯೂಟರಿಗೆ ಒಂದು ತೆಳು ವಯರು, ಒಳಗೆ ಒಂದು ಪ್ರೋಗ್ರಾಮ್. ಕರೆಂಟ್ ಹೋದರೆ ಪ್ರೋಗ್ರಾಮ್ ಆ ಒಂದೇ ಕಂಪ್ಯೂಟರಿಗೆ ಜೋಡಿಸಿದ್ದ ಎಲ್ಲರ ಪರದೆಯ ಮೇಲೂ ಎಚ್ಚರಿಕೆ ಕೊಡುತ್ತಿತ್ತು. ಬ್ಯಾಟರಿ ಇಳಿಯುತ್ತಾ ಬಂದರೆ ಎಲ್ಲವನ್ನೂ ಸರಿಯಾಗಿ ಮುಚ್ಚಿ ಕಂಪ್ಯೂಟರನ್ನು ಮಲಗಿಸಿ, ಕೊನೆಗೆ ಯುಪಿಎಸ್ಸನ್ನೂ ಆರಿಸುತ್ತಿತ್ತು.

ಎಚ್ಚರಿಕೆಯ ಮಾತು ಮೊದಲು ಇಂಗ್ಲಿಷಿನಲ್ಲಿತ್ತು. ‘ಸಿಸ್ಟಮ್ ಕೆಳಗೆ ಹೋಗುತ್ತಿದೆ’ ಎಂದು ಓದಿ ಟೈಪಿಸ್ಟ್ ಹುಡುಗಿ ಕಾಲು ಎತ್ತಿ ಕುರ್ಚಿಯ ಮೇಲೆ ಇಟ್ಟುಕೊಂಡಳು. ಹಾಗಾಗಿ ನಾನು ಅದನ್ನು ಇಂಗ್ಲಿಷ್ ಅಕ್ಷರಗಳಲ್ಲೇ ತುಳುವಿಗೆ ಬದಲಿಸಿದೆ: ‘ಕರೆಂಟ್ ಪೋಂಡು. ಬೇಲೆ ಉಂತಾಲೆ.’ ಕರೆಂಟ್ ಹೋಯಿತು, ಕೆಲಸ ನಿಲ್ಲಿಸಿ ಅಂತ.

ದಣಿಗಳು ಓದಿ ಮೆಚ್ಚಿದರು. ಆಮೇಲೆ ಯೋಚನೆಗೆ ಬಿದ್ದರು. “ಅಲ್ಲ ಪೊರ್ಬುಗಳೇ, ಕೆಲಸ ನಿಲ್ಲಿಸಿ ಅಂತ ಇಲ್ಲಿ ಹೇಳುವುದು ನಾನಲ್ವಾ?”

ನಿಜವಾದ ಜಗಳ ಹತ್ತಿದ್ದು ಕ್ರಿಕೆಟಿನಿಂದ. ಗಲ್ಫಿನಲ್ಲಿ ಶುಕ್ರವಾರ ಮ್ಯಾಚ್ ಆಗುತ್ತಿತ್ತು. ಅವರಿಗೆ ರಜೆ, ನಮಗೆ ಕಚೇರಿ. ದಣಿಗಳು ತಮ್ಮ ಕೋಣೆಗೆ ದೊಡ್ಡ ಕಲರ್ ಟೀವಿ ತರಿಸಿದರು. ಕರೆಂಟಿನ ಭರವಸೆ ಇಲ್ಲದ್ದರಿಂದ ಗೋಡೆಗುಂಟ ವಯರು ಎಳೆಸಿ ಅದನ್ನು ಯುಪಿಎಸ್ಸಿಗೇ ಸಿಕ್ಕಿಸಿದರು. ನನಗೆ ಹೇಳಲಿಲ್ಲ. ಮ್ಯಾಚಿನ ಕೊನೆಯ ಓವರುಗಳಲ್ಲಿ ಕರೆಂಟ್ ಹೋಯಿತು. ಎಚ್ಚರಿಕೆ ಬಂತು, ನಾವು ಕೆಲಸ ನಿಲ್ಲಿಸಿದೆವು. ಟೀವಿ ಬ್ಯಾಟರಿಯನ್ನು ಗಟಗಟ ಕುಡಿಯಿತು. ಪ್ರೋಗ್ರಾಮ್ ಕಂಪ್ಯೂಟರನ್ನು ಮಲಗಿಸಿ, ಯುಪಿಎಸ್ಸನ್ನು ಆರಿಸಿತು. ಜೊತೆಗೆ ಬ್ಯಾಟ್ಸ್‌ಮನ್ನನ್ನೂ.

“ಪೊರ್ಬುಗಳೇ! ಎಂತದು ಇದು? ಎರಡು ಓವರ್ ಉಂಟು ಇನ್ನು!”

“ಬ್ಯಾಟರಿ ಪೂರ್ತಿ ಮುಗಿಯುವ ಮೊದಲೇ ಅದು ಬಂದ್ ಮಾಡ್ತದೆ ದಣಿಗಳೇ. ಪ್ರೋಗ್ರಾಮ್ ಹಾಗೆ.”

“ಅಂದರೆ ಬ್ಯಾಟರಿಯಲ್ಲಿ ಕರೆಂಟ್ ಉಂಟು?”

“ಸ್ವಲ್ಪ ಉಂಟು.”

“ಇಟ್ಟುಕೊಂಡು ಕೊಡುವುದಿಲ್ಲ! ಬ್ಯಾಟರಿ ನನ್ನದು, ಟೀವಿ ನನ್ನದು. ನಿಲ್ಲಿಸಲಿಕ್ಕೆ ಅದು ಯಾರು ಮಾರಾಯ್ರೇ?”

ದಣಿಗಳು ತಮ್ಮ ಗೆಳೆಯರ ಹೋಟೆಲಿಗೆ ಫೋನ್ ಮಾಡಿ ಕೇಳಿದರೆ ನಾವು ಸೋತಿದ್ದೆವು. ಅದೂ ಪ್ರೋಗ್ರಾಮಿನ ಲೆಕ್ಕಕ್ಕೇ ಬಿತ್ತು.

ಮುಂದಿನ ಮ್ಯಾಚಿನ ಬೆಳಿಗ್ಗೆ ದಣಿಗಳು ಪಂಚೆ ಮಡಚಿ ಕಟ್ಟಿ, ಮೊಣಕಾಲೂರಿ, ಆ ತೆಳು ವಯರನ್ನು ತಮ್ಮ ಕೈಯಾರೆ ಕಿತ್ತರು. “ಇನ್ನು ಅದು ಎಂತ ಮಾತಾಡ್ತದೆ ನೋಡುವ.” ಬೇಡ, ದಾಖಲೆಗಳು ಹೋಗುತ್ತವೆ ಎಂದು ನಾನು ಹೇಳಿದೆ. ಅವರು ಆಗಲೇ ಟಾಸ್ ನೋಡಲು ಎದ್ದಿದ್ದರು.

ಮಧ್ಯಾಹ್ನ ನಾನು ಊಟಕ್ಕೆ ಹೋಗಿದ್ದಾಗ ಕರೆಂಟ್ ಹೋಯಿತು. ಏಸಿ ನಿಂತದ್ದು ಬಾಯಿಗೆ ಗೊತ್ತಾಯಿತು. ಆದರೆ ಎಚ್ಚರಿಕೆ ಬಂದಿಲ್ಲವಲ್ಲ, ಇನ್ನೂ ಹೊತ್ತುಂಟು ಎಂದು ಹಡಗಿಗೆ ಹೋಗಬೇಕಾದ ಸರಕಿನ ಕಾಗದಗಳನ್ನು ತಯಾರು ಮಾಡುತ್ತಲೇ ಇದ್ದರು. ಬ್ಯಾಟರಿ ಕೊನೆಯ ಉಸಿರಿನವರೆಗೂ ಓಡಿ ಸತ್ತಿತು. ಸಂಜೆ ಕರೆಂಟ್ ಬಂದಾಗ ಕಂಪ್ಯೂಟರ್ ಅರ್ಥವಾಗದ ದೂರುಗಳನ್ನು ಪರದೆಯ ತುಂಬ ಕಾರಿತು. ಆ ವಾರ ಮಾಡಿದ ಕೆಲಸವೆಲ್ಲ ಹೋಗಿತ್ತು.

ಬಾಯಿ ಮೂಲೆಯ ಟೈಪ್‌ರೈಟರಿನ ಹೊದಿಕೆ ತೆಗೆದು ಕೂತರು. ಅಷ್ಟರಲ್ಲಿ ದಣಿಗಳು ಬಾಗಿಲಿಗೆ ಬಂದರು. ಮುಖದಲ್ಲಿ ನಗು ಇತ್ತು, ಒಳಗೆ ಬರಲು ಧೈರ್ಯವಿರಲಿಲ್ಲ.

“ಮ್ಯಾಚ್ ಎಂತಾಯ್ತು?” ಬಾಯಿ ತಲೆ ಎತ್ತದೆ ಕೇಳಿದರು.

“ಆಗಲೇ ಫೋನ್ ಮಾಡಿದೆ. ಗೆದ್ದೆವು.”

“ಸಂತೋಷ. ಕೂತ್ಕೊಳ್ಳಿ. ಸರಕಿನ ಪೆಟ್ಟಿಗೆಗಳ ಚೀಟಿಗಳನ್ನು ಒಂದೊಂದೇ ಓದಿ, ನಾನು ಟೈಪ್ ಮಾಡ್ತೇನೆ.”

ದಣಿಗಳು ಕೂತರು! ರಾತ್ರಿಯವರೆಗೂ ಓದಿದರು. ಬೀಜದ ದರ್ಜೆ, ತೂಕ, ಡಬ್ಬಿಗಳ ಗುರುತು, ಎಲ್ಲವೂ ಆ ಗಂಟಲಿನಲ್ಲಿ ಯುದ್ಧ ಸಾರಿದ ಹಾಗೆ ಕೇಳುತ್ತಿತ್ತು. ನಡುವೆ ಎದ್ದು ಹೋಗಲು ನೋಡಿದಾಗ ಬಾಯಿ “ಮುಂದಿನದ್ದು” ಎಂದರು, ಅಷ್ಟೇ. ಅವರು ಪುನಃ ಕೂತರು. ನನಗೆ ದಣಿಗಳ ಮೇಲೆ ಮೊದಲ ಸಲ ಪ್ರೀತಿ ಹುಟ್ಟಿತು. ಮರುದಿನ ಅವರ ಸ್ವರ ಬಿದ್ದುಹೋಗಿ, ನಮ್ಮನ್ನು ಗಂಟೆ ಬಾರಿಸಿ ಕರೆಯಬೇಕಾಯಿತು.

ಮುಂದಿನ ಮ್ಯಾಚಿಗೆ ಉಪಾಯವೂ ಬಾಯಿಯದ್ದೇ. ಗಲ್ಫಿನಲ್ಲಿದ್ದ ಅವರ ತಮ್ಮ ಪುಟ್ಟದೊಂದು ಬ್ಲ್ಯಾಕ್ ಅಂಡ್ ವೈಟ್ ಟೀವಿ ತಂದುಕೊಟ್ಟಿದ್ದ. ಅದು ಕಾರಿನ ಬ್ಯಾಟರಿಯಿಂದಲೂ ನಡೆಯುತ್ತಿತ್ತು. ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. “ಇದರಲ್ಲಿ ನೋಡಿ. ಆ ವಯರು ಸಿಕ್ಕಿಸಿ, ಪುತಾ,” ಎಂದು ಮಗನನ್ನು ಕರೆಯುವ ಹಾಗೆ ನನಗೆ ಹೇಳಿದರು. ದಣಿಗಳನ್ನು ಕೇಳಲಿಲ್ಲ. ದಣಿಗಳು ಗೋಡೆ ನೋಡುತ್ತಾ ತಲೆಯಾಡಿಸಿದರು.

ಡ್ರೈವರ್ ಅಂಬಾಸಿಡರಿನ ಬ್ಯಾಟರಿ ಬಿಚ್ಚಿ ತಂದು ದಣಿಗಳ ಮೇಜಿನ ಮೇಲೆ ಇಟ್ಟ. ಆ ಸಲ ಕರೆಂಟ್ ಹೋದಾಗ ಕಂಪ್ಯೂಟರ್ ಮರ್ಯಾದೆಯಿಂದ ಎಚ್ಚರಿಸಿ, ಎಲ್ಲವನ್ನೂ ಮುಚ್ಚಿ ಮಲಗಿತು. ನಾವೆಲ್ಲ ದಣಿಗಳ ಕೋಣೆಗೆ ನುಗ್ಗಿದೆವು. ಅಂಗೈಯಗಲದ ಪರದೆಯಲ್ಲಿ ಚೆಂಡು ಕಾಣುತ್ತಲೇ ಇರಲಿಲ್ಲ. ದಣಿಗಳು ಕೂಗಿದಾಗ ನಾವೂ ಕೂಗಿದೆವು. ಬಾಯಿ ದಣಿಗಳ ಕುರ್ಚಿಯಲ್ಲೇ ಕೂತು ನೋಡಿದರು. ಬೇರೆ ಕುರ್ಚಿ ಇರಲಿಲ್ಲ.

ಸಂಜೆ ಬ್ಯಾಟರಿಯನ್ನು ಕಾರಿಗೆ ಮರಳಿ ಹಾಕಿದರೆ ಕಾರು ಕೆಮ್ಮಲೂ ಇಲ್ಲ. ಡ್ರೈವರ್ ಸ್ಟಿಯರಿಂಗಿಗೆ ಕೂತ. ನಾನು ಮತ್ತು ದಣಿಗಳು ಹಿಂದಿನಿಂದ ನೂಕುತ್ತಾ ಉರ್ವ ಮಾರ್ಕೆಟ್ಟಿನ ಎದುರು ಬಂದೆವು. ಮೀನಿನ ಚೀಲ ಹಿಡಿದವರೊಬ್ಬರು ನಿಂತು, “ಎಂತ ದಣಿಗಳೇ, ಪೆಟ್ರೋಲ್ ಮುಗೀತಾ?” ಎಂದರು.

“ಇಲ್ಲ ಮಾರಾಯ್ರೇ,” ಎಂದರು ದಣಿಗಳು ಏದುಸಿರಿನಲ್ಲಿ, “ಮ್ಯಾಚ್ ಗೆದ್ದೆವು. ಒಂದು ಕೈ ಹಾಕಿ.”