ಹೆಸರು ಬರೆಯದಿದ್ದರೆ ಎರಡು ಅಂಕ ಕಡಿತ

ಫ್ಲಾವಿಯಾ ಟೀಚರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಸಂಘದ ಸಂಚಿಕೆಗೆ ಅವರ ಪರಿಚಯ ಬರೆದುಕೊಡಿ ಎಂದು ಸಂಚಿಕೆ ನೋಡಿಕೊಳ್ಳುವ ರಜತ್ ಕೇಳಿದ್ದು ನನ್ನನ್ನೇ. ನೈರೋಬಿಯಲ್ಲಿ ಕನ್ನಡ ಬರೆಯಬಲ್ಲವರು ಬೇರೆ ಯಾರೂ ಇರಲಿಲ್ಲವೇ?

ಟೀಚರ್ ಮಂಗಳೂರಿನ ಕಡೆಯವರು. ಇಲ್ಲಿಗೆ ಬಂದು ನಲವತ್ತೈದು ವರ್ಷವಾಯಿತು. ಶಾಲೆಯೊಂದರಲ್ಲಿ ಭೂಗೋಳ ಕಲಿಸಿ, ನಿವೃತ್ತರಾಗಿ, ಈಗ ಸೌತ್ ಸಿ ಬಡಾವಣೆಯಲ್ಲಿ ಒಬ್ಬರೇ ಇದ್ದಾರೆ. ಎಲ್ಲಿಗೆ ಹೋಗುವುದಿದ್ದರೂ ಇಲ್ಲಿನ ಬಾಡಿಗೆ ವ್ಯಾನು ಮಟಾಟು ಹತ್ತುತ್ತಾರೆ, ಚಾಲಕನಿಗೆ ಅಸಾಂಟೆ ಎಂದು ಧನ್ಯವಾದ ಹೇಳದೆ ಇಳಿಯುವುದಿಲ್ಲ. ಅವರ ತರಗತಿಯಲ್ಲಿ ಒಂದು ನಿಯಮವಿತ್ತು: ಉತ್ತರಪತ್ರಿಕೆಯ ಮೇಲೆ ಹೆಸರು ಬರೆಯದಿದ್ದರೆ ಎರಡು ಅಂಕ ಕಡಿತ. ಆ ಹೆಸರಿಲ್ಲದ ಪತ್ರಿಕೆ ಯಾರದೆಂದು ಅವರೇ ಕಂಡುಹಿಡಿಯುತ್ತಿದ್ದರು. ಕೈಬರಹದಿಂದ ಯಾರು ಬೇಕಾದರೂ ಹೇಳಬಹುದು. ಇವರು ಮಡಿಚಿದ ಮೂಲೆಯಿಂದ, ಎಣ್ಣೆಯ ಕಲೆಯಿಂದ, ಹಾಳೆಗೆ ಹತ್ತಿದ ಬುತ್ತಿಯ ವಾಸನೆಯಿಂದ ಹೇಳುತ್ತಿದ್ದರು.

ಆಗ ಅಮೆರಿಕದ ಕುಟುಂಬಗಳ ಮಕ್ಕಳು ಪಾಠದ ನಡುವೆ ಬೇಸ್‌ಬಾಲ್ ಕಾರ್ಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತಿದ್ದರಂತೆ. ಚ್ಯೂಯಿಂಗ್ ಗಮ್ ಜೊತೆ ಬರುತ್ತಿದ್ದ, ಆಟಗಾರರ ಚಿತ್ರವಿರುವ ರಟ್ಟಿನ ತುಂಡುಗಳವು. ಕೆಲವರ ಬಳಿ ಅಜ್ಜಂದಿರ ಕಾಲದವೂ ಇದ್ದವು. ಟೀಚರ್ ಕಿತ್ತಿಟ್ಟುಕೊಂಡು ವರ್ಷದ ಕೊನೆಗೆ ಅವರವರದನ್ನು ಅವರವರಿಗೆ ಕೊಡುತ್ತಿದ್ದರು. ಯಾವುದು ಯಾರದು ಎಂದು ನೋಡುತ್ತ ನೋಡುತ್ತ ಯಾವುದು ಎಲ್ಲಿಯದು ಎಂಬುದನ್ನೂ ಕಲಿತರು. ಆಟದ ನಿಯಮ ಮಾತ್ರ ಅವರಿಗೆ ಇಂದಿಗೂ ಗೊತ್ತಿಲ್ಲ.

ನನಗೆ ಗೊತ್ತು! ನಾನು ರಸಾಯನಶಾಸ್ತ್ರದ ಉಪನ್ಯಾಸಕ, ಹಳೆಯ ಕಾರ್ಡುಗಳ ಹುಚ್ಚು ಹಿಡಿದು ಹದಿನೆಂಟು ವರ್ಷವಾಗಿದೆ. ಹೈರಿಡ್ಜ್‌ನ ನನ್ನ ಮನೆಯಲ್ಲಿ ಸೂಕ್ಷ್ಮದರ್ಶಕವಿದೆ, ನೇರಳಾತೀತ ದೀಪವಿದೆ. ಅವರ ಬಳಿ ಇರುವುದು ಒಂದು ಭೂತಗನ್ನಡಿ, ಒಂದು ಬಿಸ್ಕತ್ತಿನ ಡಬ್ಬ. ಆದರೂ ಹರ್ಲಿಂಗ್‌ಹ್ಯಾಮ್‌ನಲ್ಲಿ ತಿಂಗಳಿಗೊಮ್ಮೆ ಸೇರುವ ನಮ್ಮ ಸಂಗ್ರಾಹಕರ ಕೂಟದಲ್ಲಿ ಎಲ್ಲರೂ ಹೋಗುವುದು ಅವರ ಕುರ್ಚಿಯ ಬಳಿಗೆ. ನನ್ನ ಬಳಿಗೆ ಬರುವುದು ಚಹಾದ ಟ್ರೇ.

ಕೂಟ ನಡೆಸುವವನೂ ರಜತ್ತೇ, ಎನ್‌ಜಿಒ ಒಂದರಲ್ಲಿ ಕೆಲಸಕ್ಕಿರುವ ಬೆಂಗಳೂರಿನ ಹುಡುಗ. ಈ ವರ್ಷ ಅವನಿಗೆ ಹಳೆ ಸಾಮಾನಿನ ಅಂಗಡಿಯಲ್ಲಿ ಮೂವತ್ತೊಂದು ಕಾರ್ಡು ಸಿಕ್ಕವು. ತಯಾರಕರ ಹೆಸರಿಲ್ಲ, ಇಸವಿಯಿಲ್ಲ, ಹಿಂಬದಿ ಖಾಲಿ. ಮೂಲ ಗುರುತಿಸಿ ಪಟ್ಟಿ ಅಚ್ಚು ಹಾಕಿಸೋಣ, ಗುರುತಿಸಿದವರ ಹೆಸರು ಮೇಲಿರಲಿ ಎಂದ. ಆ ಹೆಸರು ನನ್ನದಾಗಬೇಕೆಂದು ನಾನು ಆಸೆಪಟ್ಟಷ್ಟು ಪ್ರೊಫೆಸರ್ ಹುದ್ದೆಗೂ ಆಸೆಪಟ್ಟಿರಲಿಲ್ಲ.

ಮೊದಲು ಕಾರ್ಡುಗಳು ನನ್ನ ಕೈಗೇ ಬಂದವು. ಒಂದು ತಿಂಗಳು ಅಳೆದೆ, ನಾಲ್ಕು ಪುಟ ಬರೆದೆ, ಕೊನೆಯಲ್ಲಿ ‘ಮೂಲ ಅನಿಶ್ಚಿತ’ ಎಂದು ಮುಗಿಸಿದೆ. ಕೂಟದಲ್ಲಿ ಟೀಚರ್ ನನ್ನ ಕೈಯಿಂದ ನಾಲ್ಕು ಕಾರ್ಡು ಇಸಿದುಕೊಂಡು ನೋಡಿದರು.

“ಇದು ಉದ್ದದ ರಟ್ಟಿನ ಪಟ್ಟಿಯಲ್ಲಿ ಸಾಲಾಗಿ ಬಂದದ್ದು ಮಾರಾಯ್ರೆ. ಇಲ್ಲಿ ನೋಡಿ, ಇವನ ಅಂಚಿನಲ್ಲಿ ಪಕ್ಕದವನ ಮೊಣಕೈ ಉಂಟು. ಮನೆಯಲ್ಲಿ ಮಕ್ಕಳು ಕತ್ತರಿಸಿದ್ದು. ಎಲ್ಲ ಒಂದೇ ಬದಿಗೆ ಓರೆ. ಕತ್ತರಿಸಿದ ಮಗು ಎಡಚ.”

ಒಂದು ತಿಂಗಳು ನಾನು ಆ ಮೊಣಕೈಯನ್ನು ನೋಡಿರಲಿಲ್ಲ. ಮೈಯೆಲ್ಲ ಉರಿಯಿತು. ಉಳಿದವನ್ನೂ ಟೀಚರಿಗೆ ತಲುಪಿಸಿ ಎಂದು ರಜತ್ ಹೇಳಿದಾಗ ತಲೆಯಾಡಿಸಿದೆ, ಮನೆಗೆ ಬಂದು ಮೂವತ್ತೆರಡನೆಯ ಕಾರ್ಡು ತಯಾರಿಸಿದೆ. ಹಳೆಯ ನೋಟ್‌ಬುಕ್ಕಿನ ರಟ್ಟಿನ ಮೇಲೆ ಚಿತ್ರ ಅಚ್ಚು ಹಾಕಿಸಿ, ಮೂಲೆಗಳನ್ನು ಉಜ್ಜಿ, ಹಳೆಯ ಬಣ್ಣ ಬರಲೆಂದು ಡಿಕಾಕ್ಷನ್ನಿನಲ್ಲಿ ಅದ್ದಿದೆ. ಈ ಸುಳ್ಳು ಕಾರ್ಡಿಗೆ ಅವರು ಒಂದು ಊರು, ಒಂದು ಇಸವಿ ಹೇಳಿದರೆ ಸಾಕು, ಎಲ್ಲರೆದುರು ಸಿಕ್ಕಿಬೀಳುತ್ತಾರೆ.

“ಅಯ್ಯೋ, ಅದ್ಯಾಕ್ರೀ ಡಿಕಾಕ್ಷನ್ ಹಾಳ್ಮಾಡ್ತಿದ್ದೀರಾ? ಮೈಸೂರಿಂದ ತರ್ಸಿದ್ ಪುಡಿ ಅದು!” ಎಂದಳು ನನ್ನ ಹೆಂಡತಿ ಕುಮುದಾ. ಇಲ್ಲಿನ ಕಾಫಿಗೆ ಯಾರೂ ಚಿಕೋರಿ ಬೆರೆಸುವುದಿಲ್ಲವೆಂದು ಅವಳು ಊರಿನಿಂದಲೇ ಪುಡಿ ತರಿಸುತ್ತಾಳೆ.

“ಪ್ರಯೋಗ,” ಎಂದೆ.

ಎರಡು ಕಾರ್ಡು ಒಂದಕ್ಕೊಂದು ಅಂಟಿಕೊಂಡಿದ್ದವು, ಬಿಡಿಸಿದಾಗ ಒಟ್ಟು ಮೂವತ್ತೆರಡಾದವು ಎಂದು ಹೇಳಿ ಟೀಚರಿಗೆ ಕೊಟ್ಟುಬಂದೆ. ಮುಂದಿನ ಕೂಟದಲ್ಲಿ ಅವರು ಒಂದೊಂದನ್ನೇ ಎತ್ತಿ ಹೇಳುತ್ತ ಬಂದರು. ಕೊನೆಯದನ್ನು ಮೂಗಿನ ಹತ್ತಿರ ಹಿಡಿದರು. ನನ್ನನ್ನು ನೋಡಿದರು.

“ಇದು ನನಗೆ ಗೊತ್ತಾಗುದಿಲ್ಲ. ಪಟ್ಟಿ ಮಧುಕರರೇ ಮಾಡ್ಲಿ.”

“ಟೀಚರ್‌ಗೂ ಗೊತ್ತಾಗದೇ ಇರೋದು ಇದೆ ಅಂತಾಯ್ತು!” ಎಂದು ಎದ್ದು ನಿಂತೇ ಹೇಳಿದೆ. ಎಲ್ಲರೂ ನಕ್ಕರು. ಟೀಚರೂ ನಕ್ಕರು.

“ಹಾಗಿದ್ರೆ ಲಿಸ್ಟ್ ನೀವೇ ಫೈನಲ್ ಮಾಡಿ ಸರ್, ನಿಮ್ಮ ಹೆಸರೇ ಹಾಕೋಣ,” ಎಂದ ರಜತ್. ನನಗೆ ಬೇಕಾದದ್ದು ಸಿಕ್ಕಿತ್ತು. ಕಾರ್ಡುಗಳಿದ್ದ ಟೀಚರ ಬಿಸ್ಕತ್ತಿನ ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದೆ.

ಒಂದೊಂದು ಕಾರ್ಡಿಗೂ ಒಂದು ಲಕೋಟೆ, ಒಳಗೆ ಟೀಚರ್ ಬರೆದ ಚೀಟಿ. ಮೂವತ್ತೊಂದರಲ್ಲೂ ನೀಲಿ ಶಾಯಿ. ಮೂವತ್ತೆರಡನೆಯದರಲ್ಲಿ ಕೆಂಪು: ‘ಚಿಕೋರಿ ವಾಸನೆ. ಹೈರಿಡ್ಜ್. ಕೈಕೆಲಸ ಚೆನ್ನಾಗಿದೆ. ಹತ್ತಕ್ಕೆ ಎಂಟು. ಹೆಸರು ಬರೆದಿಲ್ಲ.’

ನಾಚಿಕೆಯಾಯಿತು, ನಿಜ. ಆದರೆ ಅದಕ್ಕಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚೇ. ನನ್ನ ಮಾನ ಉಳಿಸುವ ಕೆಲಸವನ್ನೂ ಇವರು ನನಗಿಂತ ಚೆನ್ನಾಗಿ ಮಾಡಬೇಕೆ?

ಪಟ್ಟಿ ಅಚ್ಚಾಗಿದೆ. ಕಾರ್ಡು ಮೂವತ್ತೊಂದು, ಗುರುತಿಸಿದವರು ಫ್ಲಾವಿಯಾ ಟೀಚರ್. ಹೆಸರು ಯಾಕೆ ಬದಲಾಯಿಸಿದಿರಿ ಎಂದು ಕೇಳಿದ್ದೆಯಲ್ಲ ರಜತ್, ಇದೇ ಉತ್ತರ. ಒಂದು ಅಕ್ಷರ ತೆಗೆಯದೆ ಅಚ್ಚು ಹಾಕಿಸು. ಟೀಚರ್ ಓದುತ್ತಾರೆ. ಆ ಎರಡು ಅಂಕ ನನಗೆ ಬೇಕು, ಆದ್ದರಿಂದ ಈ ಸಲ ಮರೆಯದೆ ಬರೆಯುತ್ತಿದ್ದೇನೆ:

ಮಧುಕರ, ಹೈರಿಡ್ಜ್.