ಏಳನೇ ನಂಬರ್ ಗುಡ್ಡದ ಎಲೆ

ಹೊನ್ನಾಳಿ ಬಸ್ ಸ್ಟ್ಯಾಂಡಿನ ಹಿಂದಿನ ಗೋಡೆಗೆ ಅಂಟಿಕೊಂಡಂತೆ ಒಂದು ತಗಡಿನ ಚಾದಂಗಡಿ ಇತ್ತು. ಅದನ್ನು ನಡೆಸುತ್ತಿದ್ದವನು ಜಗಳೂರು ಕಡೆಯ ಜಂಪಣ್ಣ. ಅವನು ಕುದಿಸುತ್ತಿದ್ದುದು ಎಲ್ಲರಂತೆ ಡಸ್ಟ್ ಪುಡಿಯನ್ನೇ. ಹಾಲಿಗಿಂತ ನೀರು ಹೆಚ್ಚು.

"ಏನೋ ಜಂಪಣ್ಣ, ನೀಲಗಿರಿ ಚಾ ತೋಟದಾಗೆ ಇದ್ದು ಬಂದೋನು, ಇಂಥ ಕಲಗಚ್ಚು ಕುಡಿಸ್ತೀಯಲ್ಲೋ?" ಎಂದು ಶಿವಮೊಗ್ಗ ಬಸ್ಸಿನ ಕಂಡಕ್ಟರ್ ಷಣ್ಮುಖಪ್ಪ ದಿನಾ ಕೆಣಕುತ್ತಿದ್ದ.

"ಒಳ್ಳೆ ಎಲೆ ಹಡಗು ಹತ್ತಿ ಹೋಗ್ತೈತೆ ಸ್ವಾಮಿ. ಗುಡಿಸಿದ್ದು ನಮಗೆ."

ಷಣ್ಮುಖಪ್ಪ ನಗುತ್ತಿದ್ದ. ಜಂಪಣ್ಣ ಹೇಳಿದ್ದು ನಗುವ ಮಾತಲ್ಲ.

ಎಪ್ಪತ್ತನೇ ಇಸವಿಯಲ್ಲಿ ಒಬ್ಬ ಮೇಸ್ತ್ರಿ ಜಗಳೂರು ಸೀಮೆಯಿಂದ ಒಂದು ಲಾರಿ ಜನರನ್ನು ಕುರಿ ಹೊಡೆದಂತೆ ನೀಲಗಿರಿಗೆ ಹೊಡೆದುಕೊಂಡು ಹೋಗಿದ್ದ. ಆ ಲಾರಿಯಲ್ಲಿ ಜಂಪಣ್ಣ ಇದ್ದ, ಅವನ ಹೆಂಡತಿ ಕಾಟಮ್ಮ ಇದ್ದಳು. ವರ್ಷದ ಮಗಳು ಬೊಮ್ಮಕ್ಕನನ್ನು ಕಾಟಮ್ಮ ತನ್ನ ತಾಯಿ ಭೀಮಕ್ಕನ ಮಡಿಲಿಗೆ ಹಾಕಿ ಬಂದಿದ್ದಳು. ಎದೆಹಾಲು ದಾರಿಯುದ್ದಕ್ಕೂ ಸೋರಿತ್ತು.

ತೋಟದಲ್ಲಿ ಕಾಟಮ್ಮ ಎಲೆ ಕೀಳುವ ಆಳು. ಜಂಪಣ್ಣ ಫ್ಯಾಕ್ಟರಿ ಗೇಟಿನ ಕಾವಲುಗಾರ. ಅಲ್ಲಿ ಗುಡ್ಡಗಳಿಗೆ ಹೆಸರಿಲ್ಲ, ನಂಬರು. ಏಳನೇ ನಂಬರಿನ ಗುಡ್ಡ ಬಿಸಿಲಿಗೆ ಬೆನ್ನು ಹಾಕಿ ಕೂತಿತ್ತು. ಮಂಜು ಹೆಪ್ಪುಗಟ್ಟುವ ಚಳಿಯಲ್ಲಿ ಅಲ್ಲಿ ಚಿಗುರು ಕಡಿಮೆ, ಪರಿಮಳ ಜಾಸ್ತಿ. ಆ ಎಲೆಯನ್ನು ಬೇರೆ ಗುಡ್ಡದ್ದರ ಜೊತೆ ಬೆರೆಸುವಂತಿರಲಿಲ್ಲ. ಬೇರೆಯಾಗಿ ಬಾಡಿಸಿ, ಬೇರೆಯಾಗಿ ಹೊಸೆದು, ಒಣಗಿಸಿ, ಪೆಟ್ಟಿಗೆಯ ಮೇಲೆ ಏಳು ಎಂದು ಬರೆದು ಕಳಿಸುತ್ತಿದ್ದರು. ಯಾವ ದೇಶದ ದೊರೆ ಅದನ್ನು ಕುಡಿಯುತ್ತಿದ್ದನೋ. ಕಿತ್ತವರಿಗೆ ತಿಂಗಳಿಗೊಂದು ಪೊಟ್ಟಣ ನೆಲ ಗುಡಿಸಿದ ಪುಡಿ.

ಚಳಿಗಾಲದಲ್ಲಿ ಕೀಳುವ ಕೆಲಸ ಇಳಿದಾಗ ಹೆಂಗಸರನ್ನು ಒಣ ಎಲೆಯಿಂದ ಕಡ್ಡಿ ಆರಿಸಲು ಫ್ಯಾಕ್ಟರಿಗೆ ಹಚ್ಚುತ್ತಿದ್ದರು. ಒಣಗಿದ ಚಾ ಎಲೆ ಪಕ್ಕದಲ್ಲಿ ಯಾವ ವಾಸನೆ ಇದ್ದರೂ ಹೀರಿಕೊಳ್ಳುತ್ತದೆ. ಆದ್ದರಿಂದ ಹೂವು, ಬೀಡಿ, ತಲೆಗೆ ಹಚ್ಚಿದ ಎಣ್ಣೆ ಯಾವುದೂ ಒಳಗೆ ಹೋಗಬಾರದು. ಗೇಟಿನಲ್ಲಿ ನಿಂತು ಮೂಸಿ ನೋಡಿ ಹೂವು ತೆಗೆಸುವುದೇ ಜಂಪಣ್ಣನ ಕೆಲಸ. ಕಾಟಮ್ಮ ಬೇಕಂತಲೇ ಸಂತೆ ಮಲ್ಲಿಗೆ ಮುಡಿದು ಬರುತ್ತಿದ್ದಳು.

"ತೆಗಿ."

"ಊರಾಗೆ ಗಂಡ ಸತ್ತ ಮ್ಯಾಲೆ ಹೂವು ತೆಗೀತಾರೆ. ಇಲ್ಲಿ ಗಂಡನೇ ನಿಂತು ತೆಗಸ್ತಾನಲ್ರೇ!" ಎಂದು ಅವಳು ಸಾಲಿಗೆಲ್ಲ ಕೇಳುವಂತೆ ಹೇಳುವಳು. ಹೆಂಗಸರು ಬಿದ್ದು ಬಿದ್ದು ನಗುವರು. ಜಂಪಣ್ಣ ಮುಖ ಕೆಂಪಗೆ ಮಾಡಿಕೊಂಡು ಹೂವಿನ ಬುಟ್ಟಿ ಮುಂದೆ ಹಿಡಿಯುವನು.

ನಾಲ್ಕನೇ ವರ್ಷದ ಚಳಿಯಲ್ಲಿ ಅವಳಿಗೊಂದು ಹಟ ಹುಟ್ಟಿತು. "ಇಷ್ಟು ವರ್ಷ ಕಿತ್ತೀನಿ, ಒಂದು ಗುಟುಕು ನಾಲಿಗೆಗೆ ತಾಗಿಲ್ಲ. ನಮ್ಮ ಬೊಮ್ಮಿಗಾದ್ರೂ ಕುಡಿಸ್ತೀನಿ." ಗುಡ್ಡಕ್ಕೆ ಕೀಳಲು ಹೋದ ದಿನವೆಲ್ಲ ಏಳನೇ ನಂಬರಿನ ಒಂದು ಹಿಡಿ ಚಿಗುರು ಅವಳ ಸೀರೆ ಮಡಿಕೆಯಲ್ಲಿ ಮನೆಗೆ ಬಂತು. ಕೂಲಿಗಳ ಲೈನ್ ಮನೆಯ ಒಲೆಯ ಮುಂದೆ ಅಂಗೈಯಲ್ಲಿ ಹೊಸೆದಳು, ಹಂಚಿನ ಮೇಲೆ ಒಣಗಿಸಿದಳು. ಒಂದು ಬಿಸ್ಕತ್ತಿನ ಡಬ್ಬಿ ತುಂಬಿತು.

"ಅವಳ ಮದುವೆಗೆ. ಗಂಡನ ಮನೆಗೆ ಹೋಗಾಕೆ ಮುಂಚೆ ಕುಡೀಲಿ. ಮೊದಲ ಗುಟುಕು ಅವಳದು. ನೀನೇನಾದ್ರೂ ಬಾಯಿ ಹಾಕಿದ್ರೆ ನೋಡು!"

ಶಿವರಾತ್ರಿ ಹತ್ತಿರವಿದ್ದಾಗ ಅವಳಿಗೆ ಜ್ವರ ಬಂದು ಎದೆ ಕಟ್ಟಿತು. ಆಫೀಸಿನಲ್ಲಿ ಜೀಪು ಕೇಳಿದರೆ, ಹರಾಜಿಗೆ ಎಲೆಯ ಮಾದರಿ ತೆಗೆದುಕೊಂಡು ಕೂನೂರಿಗೆ ಹೋಗಿದೆ ಎಂದರು. ಜೀಪು ಸಂಜೆ ವಾಪಸು ಬಂತು. ಅಷ್ಟರಲ್ಲಿ ಅದರ ಕೆಲಸ ಇರಲಿಲ್ಲ. ಅವಳ ಸಾವಿಗೆ ನ್ಯಾಯ ಕೇಳಿ ಕೂಲಿಗಳು ಮೂರು ದಿನ ಕೆಲಸ ನಿಲ್ಲಿಸಿ, ಗೇಟು ಮುಚ್ಚಿ ಕೂತರು. ನಾಲ್ಕನೇ ದಿನ ಮ್ಯಾನೇಜರು ಬೀಗದ ಕೈ ಕೊಟ್ಟಾಗ ಗೇಟು ತೆರೆದವನು ಜಂಪಣ್ಣನೇ. ಅದು ಅವನ ಕೆಲಸವಾಗಿತ್ತು. ಆಮೇಲೆ ಅವನಿಗೆ ಅಲ್ಲಿ ಯಾರ ಮುಖವನ್ನೂ ನೋಡಲಾಗಲಿಲ್ಲ. ಡಬ್ಬಿ ಬಗಲಿಗೆ ಹಾಕಿಕೊಂಡು ಇಳಿದು ಬಂದ.

ಜಗಳೂರಿನಲ್ಲಿ ಐದು ವರ್ಷದ ಬೊಮ್ಮಕ್ಕ ಅಜ್ಜಿಯ ಸೆರಗಿನ ಹಿಂದಿನಿಂದ ಇವನನ್ನು ನೋಡಿದಳು. ಹತ್ತಿರ ಬರಲಿಲ್ಲ. ಇವನು ಹೊನ್ನಾಳಿಯಲ್ಲಿ ಅಂಗಡಿ ಹೂಡಿ, ತಿಂಗಳಿಗೊಮ್ಮೆ ರಿಬ್ಬನ್ನು, ಮಂಡಕ್ಕಿ ಹಿಡಿದು ಬಸ್ಸು ಹತ್ತಿ ಹೋಗುತ್ತಿದ್ದ. "ಹೊನ್ನಾಳಿಯೋನು ಬಂದ" ಎಂದು ಅವಳು ಅಜ್ಜಿಗೆ ಹೇಳುತ್ತಿದ್ದಳು. ಅಪ್ಪ ಎನ್ನಲಿಲ್ಲ. ಸ್ವಲ್ಪ ದೊಡ್ಡವಳಾದ ಮೇಲೆ ಒಂದೇ ಮಾತು ಕೇಳುತ್ತಿದ್ದಳು: "ಅವ್ವ ಹೆಂಗಿದ್ಲು?" ಫೋಟೋ ಇರಲಿಲ್ಲ. ಹೇಳಲು ಇವನಿಗೆ ಮಾತು ಬರುತ್ತಿರಲಿಲ್ಲ. "ನಿನ್ನ ಮದುವೆಗೆ ತೋರಿಸ್ತೀನಿ" ಎನ್ನುತ್ತಿದ್ದ. ಆ ಡಬ್ಬಿಯೊಂದೇ ಅವನ ಕೈಯಲ್ಲಿದ್ದ ಉತ್ತರ.

ಎಂಬತ್ತೆಂಟರಲ್ಲಿ ನ್ಯಾಮತಿಯ ಹುಡುಗನ ಜೊತೆ ಮದುವೆ ಗೊತ್ತಾಯಿತು. ಅರಿಶಿಣದ ದಿನ ಜಂಪಣ್ಣ ಡಬ್ಬಿಯನ್ನು ಹೊಸ ಟವೆಲ್ಲಿನಲ್ಲಿ ಸುತ್ತಿಕೊಂಡು ಜಗಳೂರಿಗೆ ಬಂದ. ಹದಿನಾಲ್ಕು ವರ್ಷದ ಎಲೆ, ಅರ್ಧ ಪರಿಮಳ ಹಾರಿರುತ್ತದೆ ಎಂದು ಅವನಿಗೆ ಗೊತ್ತಿತ್ತು. ಉಳಿದರ್ಧ ಸಾಕಿತ್ತು. "ನಿಮ್ಮವ್ವ ನಿನ್ನ ಮದುವೆಗೆ ಅಂತ ಮಾಡಿಟ್ಟ ಚಾ" ಎಂದು ಮಗಳನ್ನು ಕರೆದು, ತಾನೇ ಒಲೆ ಹಚ್ಚಿ ನೀರಿಟ್ಟ. ಬೊಮ್ಮಕ್ಕ ತಲೆತುಂಬ ಮಲ್ಲಿಗೆ ಮುಡಿದು ಬಂದು ಎದುರಿಗೆ ಕೂತಳು.

"ಹೂವು ತೆಗಿ" ಎಂದುಬಿಟ್ಟ.

"ಮದುಮಗಳಿಗೆ ಹೂವು ತೆಗಿ ಅಂತೀಯ? ನಿನ್ನ ನಾಲಿಗೆ ಸೇದಿ ಹೋಗ!" ಎಂದು ಭೀಮಕ್ಕ ಎದ್ದಳು.

"ಅತ್ತೆ, ಎಲೆ ವಾಸನೆ ಹಿಡೀತೈತೆ. ಒಂದು ಗಳಿಗೆ ಅಷ್ಟೇ."

ಬೊಮ್ಮಕ್ಕ ಅವನನ್ನೇ ನೋಡಿದಳು. ದಂಡೆ ಬಿಚ್ಚಿ ಹೊಸ್ತಿಲಾಚೆ ಇಟ್ಟು ಬಂದಳು. ಅವನು ಡಬ್ಬಿಯ ಮುಚ್ಚಳ ತೆಗೆದ.

ಕರ್ಪೂರ.

ಹೊನ್ನಾಳಿಯ ಕೋಣೆಯಲ್ಲಿ ಡಬ್ಬಿ ಇಡಲು ದೇವರ ಗೂಡಿಗಿಂತ ಒಳ್ಳೆಯ ಜಾಗ ಅವನಿಗೆ ಹೊಳೆದಿರಲಿಲ್ಲ. ಇಲಿ ಬರುವುದಿಲ್ಲ, ಯಾರೂ ಮುಟ್ಟುವುದಿಲ್ಲ. ದಿನಾ ಕೈಮುಗಿದು ಅದರ ಪಕ್ಕದಲ್ಲೇ ಕರ್ಪೂರ ಹಚ್ಚಿದ್ದ, ಕರ್ಪೂರದ ಪೊಟ್ಟಣವನ್ನು ಅದರ ಮೇಲೆಯೇ ಇಟ್ಟಿದ್ದ. ನಾಲ್ಕು ವರ್ಷ ಹೆಂಗಸರ ತಲೆ ಮೂಸಿದವನಿಗೆ ದೇವರಿಗೂ ಒಂದು ವಾಸನೆ ಇರುತ್ತದೆ ಎಂಬುದು ಒಂದು ದಿನವೂ ತಲೆಗೆ ಹೋಗಿರಲಿಲ್ಲ.

ಆದರೂ ಕೈ ತನ್ನಷ್ಟಕ್ಕೆ ಕೆಲಸ ಮಾಡಿತು. ಎಲೆ ಹಾಕಿ, ಸೋಸಿ, ಲೋಟ ಕೊಟ್ಟ. ಅವಳು ಕಣ್ಣು ಮುಚ್ಚಿ ಒಂದು ಗುಟುಕು ಕುಡಿದಳು. ಮುಖದಲ್ಲಿ ನಗು ಮೂಡಲು ಹೊರಟಿತ್ತು.

"ಗುಡಿ ಒಳಗೆ ನಿಂತಂಗೆ ಐತೆ. ಅವ್ವಂದು ಹಿಂಗೇ ಇತ್ತಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು.

"ಅಲ್ಲವ್ವ. ಅದು ಕರ್ಪೂರ. ನಾನೇ ಕೆಡಿಸಿದೆ. ನಿಮ್ಮವ್ವಂದು ಇದರಾಗೆ ಏನೂ ಉಳಿದಿಲ್ಲ."

ಅವಳು ಲೋಟ ಕೆಳಗಿಟ್ಟಳು. "ಮತ್ತೆ ಅವ್ವಂದು ಹೆಂಗಿತ್ತು? ಅದನ್ನಾದ್ರೂ ಹೇಳು."

"ಗೊತ್ತಿಲ್ಲ. ನಾನು ಕುಡಿದಿಲ್ಲ. ಮೊದಲ ಗುಟುಕು ನಿಂದು ಅಂದಿದ್ಲು."

"ಅವಳಾದ್ರೂ ಕುಡಿದಿದ್ಲಾ?"

"ಇಲ್ಲ."

ಬೊಮ್ಮಕ್ಕ ಅಳಲಿಲ್ಲ. ಎದ್ದು ಹೋಗಿ ಹೊಸ್ತಿಲಾಚೆಯ ದಂಡೆ ತಂದು ಅವನ ಕೈಗೆ ಹಾಕಿ, ಬೆನ್ನು ತಿರುಗಿಸಿ ಕೂತಳು. "ತೆಗೆಸಿದೋನು ನೀನೇ. ಮುಡಿಸು."

ಅವನು ಪ್ರಯತ್ನಿಸಿದ. ತೆಗೆಸಿ ರೂಢಿಯಾದ ಕೈ ಅದು. ದಂಡೆ ಎರಡು ಸಲ ಜಾರಿ ನೆಲಕ್ಕೆ ಬಿತ್ತು. "ಅತ್ತ ಸರಿ, ನಿನ್ನ ಕೈಯಾಗೆ ಏನೂ ಆಗಂಗಿಲ್ಲ" ಎಂದು ಭೀಮಕ್ಕ ಕಿತ್ತುಕೊಂಡು ತಾನೇ ಮುಡಿಸಿದಳು.

ಮದುವೆ ಮುಗಿದು ಮಗಳು ನ್ಯಾಮತಿಗೆ ಹೋದಳು. ಡಬ್ಬಿ ಭೀಮಕ್ಕನ ಒಲೆಕಟ್ಟೆಯ ಮೇಲೆಯೇ ಉಳಿದಿತ್ತು. ಜಂಪಣ್ಣ ಅದನ್ನು ಹೊನ್ನಾಳಿಗೆ ವಾಪಸು ತಂದ. ಮಾರನೆಯ ಬೆಳಿಗ್ಗೆ ಎಲೆಯನ್ನೆಲ್ಲ ಅಂಗಡಿಯ ದೊಡ್ಡ ಪಾತ್ರೆಗೆ ಸುರಿದು, ಹಾಲು ಸಕ್ಕರೆ ಹಾಕಿ ಕುದಿಸಿದ. ಹಮಾಲರು ಕುಡಿದರು, ಹೊಳೆಯ ಮರಳಿನ ಕೂಲಿಗಳು ಕುಡಿದರು. ಷಣ್ಮುಖಪ್ಪ ಒಂದು ಗುಟುಕು ಕುಡಿದು ಮುಖ ಕಿವುಚಿದ.

"ಥೂ! ಯಾವ ಗುಡಿ ತೀರ್ಥನೋ ಇದು?"

"ಕುಡೀರಿ ಸ್ವಾಮಿ. ಏಳನೇ ನಂಬರಿಂದು. ನಾಳೆಯಿಂದ ಕಲಗಚ್ಚೇ" ಎಂದ ಜಂಪಣ್ಣ. ತನಗೆ ಒಂದು ಲೋಟ ಬಗ್ಗಿಸಿಕೊಳ್ಳಲಿಲ್ಲ. ನ್ಯಾಮತಿ ಬಸ್ಸು ಬಂದು ನಿಂತಿತು. ಇಳಿದವರ ಮುಖಗಳನ್ನೆಲ್ಲ ಒಂದು ಸಲ ನೋಡಿ, ಖಾಲಿ ಡಬ್ಬಿಗೆ ಸಕ್ಕರೆ ತುಂಬಿದ.