ಡ್ರಿಲ್ ಮಾಷ್ಟ್ರ ತರಗೆಲೆ ಹಾಸಿಗೆ

ಮನೆಯ ಕುಕ್ಕರ್ ಸೀಟಿ ಕೇಳುವಷ್ಟು ದೂರಕ್ಕೆ ಚಾರಣ ಹೋದವರನ್ನು ನೀವೆಲ್ಲಾದರೂ ಕಂಡಿದ್ದೀರಾ? ನಮ್ಮ ನೆರೆಮನೆಯ ಡ್ರಿಲ್ ಮಾಷ್ಟ್ರು ಹಾಲಾಡಿ ಕಡೆಯ ಸರ್ಕಾರಿ ಹಾಡಿಗೆ, ಅಂದರೆ ಊರಂಚಿನ ಕಾಡಿಗೆ, ಹಾಗೇ ಹೊರಡುತ್ತಿದ್ದರು. ಡೇರೆಯಿಲ್ಲ, ಚಾಪೆಯಿಲ್ಲ. ಕೇಳಿದರೆ ಮೀಸೆ ತೀಡಿ, "ಎಲ್ಲಾ ಕಾಡೇ ಕೊಡತ್ತ್" ಎನ್ನುವರು.

ಒಮ್ಮೆ, ಬೆಳಗಾಗುವ ಮೊದಲು ಮನೆಗೆ ಬಂದರೆ ಮೀಸೆ ಬೋಳಿಸುತ್ತೇನೆಂದು ಹೆಂಡತಿಯೆದುರು ಶಪಥ ಮಾಡಿ ಹೋದರು. ತರಗೆಲೆ ಗುಡಿಸಿ ಮೊಣಕಾಲೆತ್ತರದ ಹಾಸಿಗೆ ಮಾಡಿ, ನೀರು ತರಲು ತೋಡಿಗಿಳಿದರು. ದನದ ಹಟ್ಟಿಗೆ ಹಾಸಲು ತರಗೆಲೆ ಒಟ್ಟಲು ಹೋಗಿದ್ದ ನಾವು ಮೂವರು ಹೆಂಗಸರು, ಯಾರೋ ಪುಣ್ಯಾತ್ಮ ಗುಡಿಸಿಟ್ಟಿದ್ದಾನೆಂದು ಬುಟ್ಟಿ ತುಂಬಿಕೊಂಡು ಬಂದೆವು.

ಸಂಜೆ ಅವರು, ಬುಟ್ಟಿಯಿಂದ ಉದುರಿದ ತರಗೆಲೆಯ ಜಾಡು ಹಿಡಿದು ನಮ್ಮ ಅಂಗಳಕ್ಕೇ ಬಂದರು.

"ಹ್ವಾಯ್ ಮಾಷ್ಟ್ರೇ, ಇವತ್ತ್ ಮನಿಕಂಬ್ದ್ ಎಲ್ಲಿ?" ಎಂದು ಮಲಗುವ ಜಾಗ ವಿಚಾರಿಸಿದೆ.

"ನಿಮ್ ಹಟ್ಟಿಯಗೆ. ನನ್ ಹಾಸ್ಗಿ ಇಪ್ಪುದ್ ಅಲ್ಲೇ ಅಲ್ದಾ? ದನಕ್ಕ್ ಚೂರ್ ಬದಿಗ್ ಸರೂಕ್ ಹೇಳಿ."